ನೀರಂಚಿನ ಹಳೆಯ ಮಹಲಿಗೆ ಹೊಸ ಬಳಕೆ: ಉಪ್ಪು, ತೇವ ಮತ್ತು ಭಾರದ ಲೆಕ್ಕ

ಪ್ರಶ್ನೆ: ಕಡಲ ನೀರು ಏರಿಳಿಯುವ ಹಿನ್ನೀರಿನ ದಂಡೆಗೆ ತಾಗಿಕೊಂಡೇ ಇರುವ, ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿದ ಎರಡಂತಸ್ತಿನ ಹಳೆಯ ಮಹಲೊಂದು ನಮ್ಮ ಟ್ರಸ್ಟ್‌ಗೆ ಸಿಕ್ಕಿದೆ. ಗೋಡೆಗಳು ಎರಡಡಿ ದಪ್ಪ. ಮೇಲಂತಸ್ತಿನ ನೆಲ ಮರದ ತೊಲೆಗಳ ಮೇಲಿದೆ. ಕೆಳಗಿನ ಕೋಣೆಗಳಲ್ಲಿ ನಾಲ್ಕೈದು ಅಡಿ ಎತ್ತರದವರೆಗೆ ಗೋಡೆ ಒದ್ದೆ. ಹಿಂದಿನವರು ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು, ಈಗ ಅದು ಉಬ್ಬಿ ಉದುರುತ್ತಿದೆ. ಕೆಳಗೆ ರೆಸ್ಟೋರೆಂಟ್, ಮೇಲೆ ಗ್ರಂಥಾಲಯ ಮತ್ತು ಸಣ್ಣ ಸಭಾಂಗಣ ಮಾಡುವ ಯೋಚನೆ ಇದೆ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸಿ, ಮೇಲೊಂದು ವಾಟರ್‌ಪ್ರೂಫ್ ಪ್ಲಾಸ್ಟರ್ ಹೊಡೆದರೆ ಮುಗಿಯಿತು ಎನ್ನುತ್ತಾರೆ ಗುತ್ತಿಗೆದಾರರು. ಒಪ್ಪಬಹುದೇ? ಕೆಲಸ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸದ್ಯಕ್ಕಂತೂ ಒಪ್ಪಬೇಡಿ. ಮೇಲಂತಸ್ತಿನಲ್ಲಿ ಗ್ರಂಥಾಲಯ ಎಂಬ ಯೋಚನೆಯನ್ನೂ ಈಗಲೇ ಪಕ್ಕಕ್ಕಿಡಿ. ಈ ಬಗೆಯ ಕಟ್ಟಡಗಳಲ್ಲಿ ಮೊದಲು ಬಳಕೆ ನಿಶ್ಚಯವಾಗಿ, ಆಮೇಲೆ ಕಟ್ಟಡವನ್ನು ಅದಕ್ಕೆ ಬಗ್ಗಿಸುವ ಕೆಲಸ ನಡೆಯುತ್ತದೆ. ಕೆಡುವುದು ಅಲ್ಲೇ. ಗೋಡೆ ಎಷ್ಟು ಉಪ್ಪು ಕುಡಿದಿದೆ, ತೊಲೆ ಎಷ್ಟು ಭಾರ ಹೊರುತ್ತದೆ, ನೆರೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಮೂರು ಲೆಕ್ಕ ಕೈಗೆ ಬಂದ ಮೇಲೆ, ಯಾವ ಕೋಣೆಯಲ್ಲಿ ಏನಿರಬಹುದು ಎಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಸ್ಮಾರಕಗಳ ಸಂರಕ್ಷಣೆಗೆಂದು ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದು ಕೂಡ ಹೇಳುವುದು ಇಷ್ಟೇ: ಹಳೆಯ ಕಟ್ಟಡಕ್ಕೆ ಸಮಾಜೋಪಯೋಗಿ ಬಳಕೆ ಇದ್ದರೆ ಅದರ ರಕ್ಷಣೆಗೆ ಒಳ್ಳೆಯದು, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನೋ ಅಲಂಕಾರವನ್ನೋ ಬದಲಿಸಬಾರದು.

ಮೊದಲು ಮಳೆನೀರು ನೋಡಿ. ಎಲ್ಲರ ಕಣ್ಣೂ ಹಿನ್ನೀರಿನ ಕಡೆಗೇ ಹೋಗುವುದರಿಂದ ಇದು ತಪ್ಪಿಹೋಗುತ್ತದೆ. 1 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಮಾಡು 200 ಚದರ ಮೀಟರ್ ಇದ್ದು, ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 330 ಲೀಟರಿಗೂ ಹೆಚ್ಚು ನೀರು ಮಾಡಿನಂಚಿನ ನೀರುದೋಣಿಗಳಿಗೆ ಇಳಿಯುತ್ತದೆ. ದೋಣಿ ಕಟ್ಟಿಕೊಂಡಿದ್ದರೆ, ಇಳಿಕೊಳವೆ ಗೋಡೆಯ ಬುಡದಲ್ಲೇ ಬಾಯಿ ತೆರೆದಿದ್ದರೆ, ಅಷ್ಟೂ ನೀರು ತಳಪಾಯಕ್ಕೆ. ‘ನೆಲದಿಂದ ತೇವ ಏರುತ್ತಿದೆ’ ಎಂದು ತೋರಿಸುವ ಗೋಡೆಗಳಲ್ಲಿ ಎಷ್ಟೋ ನಿಜವಾಗಿ ಒಡೆದ ಇಳಿಕೊಳವೆಯ ಕೆಳಗಿನ ಗೋಡೆಗಳು. ಅಂಗಳದ ಮಟ್ಟವನ್ನೂ ಅಳೆಯಿರಿ. ವರ್ಷ ವರ್ಷ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿ, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿರುವುದು ಸಾಮಾನ್ಯ. ಆ ಮಣ್ಣು ತೆಗೆದು, ಗೋಡೆಯಿಂದ ಆಚೆಗೆ ಇಳಿಜಾರು ಮಾಡಿ, ಕೊಳವೆಗಳ ನೀರನ್ನು ದೂರ ಒಯ್ದರೆ ಕೆಲವು ಗೋಡೆಗಳು ಬೇರೇನೂ ಮಾಡದೆಯೇ ಆರತೊಡಗುತ್ತವೆ. ಹಿನ್ನೀರಿಗೆ ಬಿಡುವ ಕೊಳವೆಯ ಬಾಯಿಗೆ ಒಮ್ಮುಖ ಕವಾಟ ಇರಲಿ. ಇಲ್ಲದಿದ್ದರೆ ಉಬ್ಬರದ ಹೊತ್ತಿಗೆ ಅದೇ ಕೊಳವೆಯಲ್ಲಿ ಉಪ್ಪುನೀರು ಹಿಂದೆ ಬರುತ್ತದೆ.

ಇದಾದ ಮೇಲೆ ಅಳತೆ. ಎರಡು ಮೊಳೆಗಳ ತೇವಮಾಪಕವನ್ನು ಗೋಡೆಗೆ ಒತ್ತಿ ‘ನೂರಕ್ಕೆ ನೂರು ತೇವ’ ಎಂದು ತೋರಿಸುವವರನ್ನು ನಂಬಬೇಡಿ. ಆ ಯಂತ್ರ ಅಳೆಯುವುದು ವಿದ್ಯುತ್ ಹರಿವನ್ನು. ಉಪ್ಪಿದ್ದರೆ ಸ್ವಲ್ಪ ತೇವದಲ್ಲೂ ವಿದ್ಯುತ್ ಸರಾಗವಾಗಿ ಹರಿದು ಮುಳ್ಳು ತುದಿಗೆ ಹೋಗುತ್ತದೆ. ನಂಬಿಕೆಗೆ ಅರ್ಹವಾದದ್ದು ತೂಕದ ವಿಧಾನ. ನೆಲದಿಂದ 20, 50, 100, 150, 200 ಸೆಂ.ಮೀ. ಎತ್ತರಗಳಲ್ಲಿ ಡ್ರಿಲ್ ನಿಧಾನಕ್ಕೆ ಓಡಿಸಿ ಗಾರೆಯ ಪುಡಿ ತೆಗೆಯಿರಿ. ಪ್ರತಿ ಎತ್ತರದಲ್ಲೂ ಮೇಲ್ಮೈಯಿಂದ 1 ಸೆಂ.ಮೀ.ವರೆಗಿನ ಪುಡಿ ಬೇರೆ, 1ರಿಂದ 3, 3ರಿಂದ 5, ಆಮೇಲೆ 10 ಸೆಂ.ಮೀ. ಆಚೆಯದು ಬೇರೆ. ಕೂಡಲೇ ಗಾಳಿಯಾಡದ ಬಾಟಲಿಗೆ ಹಾಕಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ತೂಕದ ವ್ಯತ್ಯಾಸವೇ ಗೋಡೆಯಲ್ಲಿದ್ದ ನೀರು.

ಅಲ್ಲಿಗೇ ನಿಲ್ಲಿಸಬೇಡಿ. ಒಂದು ಮುಚ್ಚಳದ ಪೆಟ್ಟಿಗೆಯ ತಳದಲ್ಲಿ, ಇನ್ನು ಕರಗಲಾರದಷ್ಟು ಅಡುಗೆ ಉಪ್ಪು ಹಾಕಿದ ನೀರಿನ ಬಟ್ಟಲಿಡಿ. ಆ ಪೆಟ್ಟಿಗೆಯೊಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75ರ ಸುಮಾರಿನಲ್ಲಿ ನಿಲ್ಲುತ್ತದೆ. ಒಣಗಿಸಿದ ಪುಡಿಯನ್ನು ಅದರೊಳಗೆ ತೆರೆದಿಟ್ಟು, ತೂಕ ಏರುವುದು ನಿಂತ ಮೇಲೆ ಮೂರನೇ ಬಾರಿ ತೂಗಿ. ಗೋಡೆಯಲ್ಲಿದ್ದ ನೀರಿನಷ್ಟನ್ನೇ ಪುಡಿ ಬರಿಯ ಗಾಳಿಯಿಂದ ಹೀರಿಕೊಂಡಿದ್ದರೆ, ಆ ಜಾಗದ ತೇವಕ್ಕೆ ಕಾರಣ ನೆಲದ ನೀರಲ್ಲ, ಉಪ್ಪು. ಗೋಡೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ನೀರಿದ್ದರೆ, ಎಲ್ಲಿಂದಲೋ ನೀರು ಬರುತ್ತಲೇ ಇದೆ. ಈ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಗುತ್ತಿಗೆದಾರರ ಕೊಟೇಶನ್ನಿನಲ್ಲಿ ಈ ಭೇದವೇ ಇರುವುದಿಲ್ಲ. ಅದೇ ಪುಡಿಯ 1 ಗ್ರಾಂ ಅನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಪಟ್ಟಿಗಳಿಂದ ಪರೀಕ್ಷಿಸಿ. ಕ್ಲೋರೈಡ್ ಬಂದದ್ದು ಹಿನ್ನೀರಿನಿಂದ. ನೈಟ್ರೇಟ್ ಸಾಮಾನ್ಯವಾಗಿ ಹಳೆಯ ಬಚ್ಚಲು, ಕೊಟ್ಟಿಗೆ, ಒಡೆದ ಒಳಚರಂಡಿಯಿಂದ. ಸಲ್ಫೇಟ್ ಬಹುಮಟ್ಟಿಗೆ ಇಟ್ಟಿಗೆಯಿಂದ, ಸಿಮೆಂಟಿನಿಂದ, ಜಿಪ್ಸಂನಿಂದ. ಮಳೆಗಾಲದಲ್ಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ, ಒಟ್ಟು ಎರಡು ಸಲವಾದರೂ ಇದನ್ನು ಮಾಡಬೇಕು.

ಉಪ್ಪಿನ ವಿಷಯಕ್ಕೆ ಇಷ್ಟು ಒತ್ತು ಯಾಕೆಂದರೆ, ನಿಮ್ಮ ಪ್ಲಾಸ್ಟರನ್ನು ಉದುರಿಸುತ್ತಿರುವುದು ನೀರಲ್ಲ, ನೀರು ಬಿಟ್ಟುಹೋದದ್ದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಗೋಡೆಯೊಳಗೆ ಏರಿದ ನೀರು ಆವಿಯಾಗಿ ಹೋದಾಗ ಅಷ್ಟೂ ಅಲ್ಲೇ ಉಳಿಯುತ್ತದೆ. ಹಿನ್ನೀರು ಇಷ್ಟು ಉಪ್ಪಾಗಿರಲಿಕ್ಕಿಲ್ಲ, ಆದರೆ ನೂರಾರು ಬೇಸಿಗೆಗಳ ಲೆಕ್ಕ ಸಣ್ಣದಲ್ಲ. ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಈ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ನೀರಂಚಿನಲ್ಲಿ ರಾತ್ರಿ ಮತ್ತು ಮಧ್ಯಾಹ್ನದ ನಡುವೆ ಗಾಳಿ ಈ ಗೆರೆಯನ್ನು ದಾಟಿ ಹಿಂದಿರುಗುವುದು ಹಲವು ತಿಂಗಳ ಕಾಲ ದಿನನಿತ್ಯದ ಸಂಗತಿ. ಒಂದೊಂದು ಸಲ ದಾಟಿದಾಗಲೂ ಇಟ್ಟಿಗೆಯ ರಂಧ್ರಗಳೊಳಗೆ ಹರಳು ಬೆಳೆದು ಗೋಡೆಯನ್ನು ಒಳಗಿನಿಂದ ಒಡೆಯುತ್ತದೆ. ಸೋಡಿಯಂ ಸಲ್ಫೇಟ್ ಇನ್ನೂ ಕೆಟ್ಟದ್ದು: ನೀರನ್ನು ಒಳಗೊಂಡ ಹರಳಾಗುವಾಗ ಅದರ ಗಾತ್ರ ಮೂರು ಪಟ್ಟಿಗೂ ಮೀರುತ್ತದೆ. ಗೋಡೆಗೆ ಕೈ ಸವರಿದರೆ ಇಟ್ಟಿಗೆಯ ಕೆಂಪು ಹಿಟ್ಟು ಅಂಗೈಗೆ ಹತ್ತುತ್ತದಲ್ಲ, ಅದು ಇದರದೇ ಕೆಲಸ. ಗಮನಿಸಿ ನೋಡಿ: ಬುಡದಲ್ಲಿ ಸದಾ ಒದ್ದೆಯಿರುವ ಇಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ, ಒದ್ದೆ ಮತ್ತು ಒಣ ಭಾಗ ಸೇರುವ, ನಾಲ್ಕಡಿ ಎತ್ತರದ ಆ ಪಟ್ಟಿಯಲ್ಲೇ ಅದು ಸವೆದು ಒಳಗೆ ಹೋಗಿರುತ್ತದೆ.

ಈಗ ಸಿಮೆಂಟ್ ಮಾಡಿದ್ದೇನು? ಸುಣ್ಣದ ಗಿಲಾವಿನಲ್ಲಿ ತೇವ ಹೊರಕ್ಕೆ ಬರುತ್ತದೆ, ಉಪ್ಪು ಗಿಲಾವಿನಲ್ಲೇ ಕೂರುತ್ತದೆ, ಕೆಡುವುದು ಗಿಲಾವು. ಬಿಗಿಯಾದ ಸಿಮೆಂಟ್ ಪದರ ಆ ದಾರಿ ಮುಚ್ಚುತ್ತದೆ. ತೇವ ದಾರಿ ಹುಡುಕಿಕೊಂಡು ಮೇಲೇರುತ್ತದೆ. ಮೂರಡಿಯಲ್ಲಿ ನಿಂತಿದ್ದದ್ದು ಐದಡಿಗೆ ಹೋಗುತ್ತದೆ. ಉಪ್ಪು ಸಿಮೆಂಟಿನ ಬೆನ್ನ ಹಿಂದೆ, ಇಟ್ಟಿಗೆಯ ಮುಖದ ಮೇಲೆ ಹರಳುಗಟ್ಟುತ್ತದೆ. ಕೊನೆಗೆ ಪ್ಲಾಸ್ಟರ್ ಬಿದ್ದಾಗ ಇಟ್ಟಿಗೆಯ ಸಿಪ್ಪೆಯನ್ನೂ ಜೊತೆಗೆ ಕಿತ್ತುಕೊಂಡು ಬೀಳುತ್ತದೆ. ಸಾಲದ್ದಕ್ಕೆ ಸಿಮೆಂಟ್ ತನ್ನದೇ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಗೋಡೆಗೆ ಸೇರಿಸುತ್ತದೆ.

ಹಾಗಾಗಿ ಸಿಮೆಂಟ್ ತೆಗೆಯಲೇಬೇಕು, ಆದರೆ ತೆಗೆಯುವ ಕ್ರಮವಿದೆ. ಬ್ರೇಕರ್ ಯಂತ್ರ ಬೇಡ. ಅದರ ಅದುರಿಗೆ ಹಳೆಯ ಗಾರೆ ಒಳಗೊಳಗೇ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ಟೊಳ್ಳು ಸದ್ದು ಬರುವ ಕಡೆಯಿಂದ ಶುರುಮಾಡಿ, ಸಣ್ಣ ಉಳಿಯಿಂದ ಅಂಚು ಎಬ್ಬಿಸುತ್ತ ಹೋಗಿ. ತೇವದ ಗೆರೆಗಿಂತ ಅರ್ಧ ಮೀಟರ್ ಮೇಲಕ್ಕೂ ತೆಗೆಯಿರಿ. ಸಿಮೆಂಟ್ ಇಟ್ಟಿಗೆಯನ್ನು ಬಿಡದೆ ಕಚ್ಚಿಕೊಂಡಿರುವ ಕಡೆ ಹಟ ಹಿಡಿಯಬೇಡಿ, ಸುತ್ತ ಗೋಡೆ ಆರಿದ ಮೇಲೆ ಅದು ಸುಲಭವಾಗಿ ಬರುತ್ತದೆ. ಹಾಳಾದ ಸಂದುಗಳನ್ನು 20ರಿಂದ 25 ಮಿ.ಮೀ. ಆಳಕ್ಕೆ ಕೆರೆದು ತೆಗೆಯಿರಿ. ಬಳಿಕ ಒಣ ಬ್ರಷ್ ಮತ್ತು ವ್ಯಾಕ್ಯೂಮ್. ನೀರು ಹೊಡೆದು ತೊಳೆಯುವ ಚಾಳಿ ಮೇಸ್ತ್ರಿಗಳಿಗೆ ಇರುತ್ತದೆ; ತೊಳೆದರೆ ಹೊರಗೆ ಬಂದ ಉಪ್ಪೆಲ್ಲ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಉದುರಿದ ಪುಡಿಯನ್ನು ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ಗೋಡೆಯ ಬುಡದಲ್ಲಿ ರಾಶಿ ಬಿಟ್ಟರೆ ಮೊದಲ ಮಳೆಗೆ ಉಪ್ಪು ತಿರುಗಿ ತಳಪಾಯ ಸೇರುತ್ತದೆ.

ಆಮೇಲೆ ಕಾಯಬೇಕು. ದಪ್ಪ ಗೋಡೆ ತಿಂಗಳಿಗೆ ಒಂದಿಂಚು ಆರುತ್ತದೆ ಎಂಬುದು ಒರಟು ಲೆಕ್ಕ. ಎರಡಡಿ ಗೋಡೆ ಎರಡೂ ಕಡೆಯಿಂದ ಆರಿದರೂ ಒಂದು ವರ್ಷ ಬೇಕು. ಟ್ರಸ್ಟಿನ ಸಭೆಗಳಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಈ ಒಂದು ವರ್ಷವನ್ನು ಸಮರ್ಥಿಸಿಕೊಳ್ಳುವುದು. ಆ ಅವಧಿಯಲ್ಲಿ ಮಾಡು, ಮರ, ದಂಡೆಗೋಡೆಯ ಕೆಲಸ ಮುಗಿಸಿಕೊಳ್ಳಿ. ವೇಳಾಪಟ್ಟಿ ಹಾಗೆ ಹೊಂದಿಸಿದರೆ ಒಂದು ದಿನವೂ ವ್ಯರ್ಥವಾಗುವುದಿಲ್ಲ. ಕೆತ್ತನೆಯ ಕಲ್ಲು ಅಥವಾ ಭಿತ್ತಿಚಿತ್ರ ಇರುವ ಕಡೆ ಮಾತ್ರ ಕಾಗದದ ತಿರುಳು, ಜೇಡಿಮಣ್ಣು, ಮರಳಿನ ಹಿಟ್ಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ 2 ಸೆಂ.ಮೀ. ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತು, ಅದರಲ್ಲಿ ಬಂದ ಉಪ್ಪನ್ನು ಅಳೆದು, ಎರಡು ಮೂರು ಸುತ್ತು ಮಾಡಬೇಕಾಗುತ್ತದೆ. ಅದು ಪರಿಣತ ಸಂರಕ್ಷಕರ ಕೆಲಸ. ಉಳಿದ ಗೋಡೆಗಳಿಗೆ ಅಷ್ಟು ನಾಜೂಕು ಬೇಡ. ಅಲ್ಲಿ ದುರ್ಬಲವಾದ, ರಂಧ್ರ ಹೆಚ್ಚಿರುವ ಸುಣ್ಣದ ಗಿಲಾವನ್ನು ‘ಬಲಿ ಗಿಲಾವು’ ಎಂದೇ ತಿಳಿದು ಹಾಕುವುದು. ಉಪ್ಪು ಅದರಲ್ಲಿ ತುಂಬಿಕೊಳ್ಳಲಿ, ಕೆಲವು ವರ್ಷಗಳಲ್ಲಿ ಅದು ಉದುರಲಿ, ಕಿತ್ತು ಹೊಸದು ಹಾಕಿ. ಗೋಡೆ ಉಳಿಯುವುದು ಹೀಗೆ.

ಗಿಲಾವಿನ ಪಾಕ: ಕನಿಷ್ಠ ಮೂರು ತಿಂಗಳು ನೀರಿನಡಿ ಇಟ್ಟು ಹದಮಾಡಿದ ಸುಣ್ಣದ ಮುದ್ದೆ 1 ಪಾಲು, ತೊಳೆದ ಒರಟು ಮರಳು ಎರಡೂವರೆಯಿಂದ ಮೂರು ಪಾಲು, ಎಲ್ಲವೂ ಗಾತ್ರದ ಅಳತೆಯಲ್ಲಿ. ಒಣ ಮರಳಿನ ಕಾಳುಗಳ ನಡುವಿನ ಖಾಲಿ ಜಾಗ ಸುಮಾರು ಮೂರನೇ ಒಂದು ಭಾಗ ಇರುತ್ತದೆ, ಸುಣ್ಣ ತುಂಬಬೇಕಾದದ್ದು ಅದನ್ನೇ. ಅದರಿಂದಲೇ ಈ ಪ್ರಮಾಣ. ಸಮುದ್ರದ ಮರಳು ಎಷ್ಟು ತೊಳೆದರೂ ಬೇಡ. ಇನ್ನು ಸದಾ ಒದ್ದೆಯಿರುವ ಕೆಳಭಾಗ. ಬರಿಯ ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ರಂಧ್ರಗಳಲ್ಲಿ ನೀರು ತುಂಬಿದ್ದರೆ ಅನಿಲ ಒಳಹೋಗುವುದಿಲ್ಲ, ಗಿಲಾವು ತಿಂಗಳುಗಟ್ಟಲೆ ಬೆಣ್ಣೆಯಂತೆಯೇ ಇರುತ್ತದೆ. ಅಲ್ಲಿಗೆ ನೀರಿನಲ್ಲೂ ಗಟ್ಟಿಯಾಗುವ ಪಾಕ ಬೇಕು: 1 ಪಾಲು ಸುಣ್ಣ, 1 ಪಾಲು ಸುರ್ಕಿ (ಇಟ್ಟಿಗೆಯ ಪುಡಿ), 2 ಪಾಲು ಮರಳು. ಸುರ್ಕಿ ಹದವಾಗಿ, ಕಡಿಮೆ ಉರಿಯಲ್ಲಿ ಬೆಂದ ಇಟ್ಟಿಗೆಯದಾಗಿರಬೇಕು, ನುಣ್ಣಗಿರಬೇಕು. ಅತಿಯಾಗಿ ಬೆಂದು ಕರಿಕಟ್ಟಿದ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಸೇರಿ ಕೆಲಸ ಮಾಡುವುದಿಲ್ಲ, ಬಣ್ಣ ಮಾತ್ರ ಕೊಡುತ್ತದೆ. ಸುರ್ಕಿಯ ಬದಲು ಸಹಜ ಜಲೀಯ ಸುಣ್ಣ (ನೀರಿನಲ್ಲೂ ತಾನಾಗಿ ಗಟ್ಟಿಯಾಗುವ ಸುಣ್ಣ, NHL) ಬಳಸುವುದಾದರೆ ಮೃದುವಾದ ದರ್ಜೆಯನ್ನೇ ಆರಿಸಿ. 5 ಎಂಬ ದರ್ಜೆಯದು ಹಳೆಯ ಇಟ್ಟಿಗೆಗೆ ಬಹಳ ಗಡುಸು.

ಒಂದು ಪದರ 8ರಿಂದ 12 ಮಿ.ಮೀ. ಮೀರಬಾರದು. ಸವೆದ ಇಟ್ಟಿಗೆಗಳ ಗುಂಡಿಗಳನ್ನು ಮೊದಲೇ ಬೇರೆಯಾಗಿ ತುಂಬಿಸಿ ಸಮ ಮಾಡಿಕೊಳ್ಳಬೇಕು. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ವಾರದಿಂದ ಹತ್ತು ದಿನ, ಆ ದಿನಗಳಲ್ಲಿ ಒದ್ದೆ ಗೋಣಿಯ ಪರದೆ. ನೀರಂಚಿನಲ್ಲಿ ಬಿಸಿಲಿಗಿಂತ ಗಾಳಿಯೇ ಗಿಲಾವನ್ನು ಬೇಗ ಒಣಗಿಸಿ ಸೀಳುತ್ತದೆ, ಹಾಗಾಗಿ ಗೋಣಿಯನ್ನು ನೀರಿನ ಕಡೆಯ ಮುಖಕ್ಕೆ ಮೊದಲು ಕಟ್ಟಿ. ಮೇಲೆ ತೆಳುವಾದ ಸುಣ್ಣದ ನೀರು ನಾಲ್ಕೈದು ಕೈ. ಎಮಲ್ಷನ್ ಪೇಂಟ್ ಹಚ್ಚಿದರೆ ಇಷ್ಟೂ ಕೆಲಸ ನೀರುಪಾಲು. ‘ಬೇಗ ಗಟ್ಟಿಯಾಗಲಿ’ ಎಂದು ಒಂದು ಬಾಣಲೆ ಸಿಮೆಂಟ್ ಸೇರಿಸುವುದು ಎಲ್ಲೆಲ್ಲೂ ನಡೆಯುತ್ತದೆ, ನೀವಿಲ್ಲದ ಮಧ್ಯಾಹ್ನದಲ್ಲಿ ಖಂಡಿತ ನಡೆಯುತ್ತದೆ. ಅಷ್ಟು ಅಲ್ಪ ಸಿಮೆಂಟ್ ಸುಣ್ಣದಿಂದ ಬೇರ್ಪಟ್ಟು ಎರಡನ್ನೂ ದುರ್ಬಲಗೊಳಿಸುತ್ತದೆ. ‘ಸುಣ್ಣದ ಗಿಲಾವೂ ನಿಲ್ಲಲಿಲ್ಲ’ ಎಂಬ ದೂರು ಬಂದ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕೆಲಸದ ಜಾಗದಲ್ಲಿ ಸಿಮೆಂಟ್ ಚೀಲವೇ ಇರಕೂಡದು ಎಂದು ಕರಾರಿನಲ್ಲಿ ಬರೆಯಿರಿ.

ಇನ್ನು ಗುತ್ತಿಗೆದಾರರು ಹೇಳಿದ ಆ ಚುಚ್ಚುಮದ್ದು. ಸಂದಿನ ಸಾಲಿನಲ್ಲಿ 10–12 ಸೆಂ.ಮೀ.ಗೆ ಒಂದರಂತೆ ತೂತು ಕೊರೆದು, ನೀರು ಹತ್ತಗೊಡದ ಸಿಲೇನ್ ಅಥವಾ ಸಿಲಾಕ್ಸೇನ್ ಕ್ರೀಮ್ ತುಂಬುವ ಈ ವಿಧಾನ ಸಮನಾಗಿ ಕಟ್ಟಿದ, ತೆಳುವಾದ, ಅರೆಒದ್ದೆ ಇಟ್ಟಿಗೆ ಗೋಡೆಯಲ್ಲಿ ಕೆಲಸ ಮಾಡುತ್ತದೆ. ನಿಮ್ಮದು ಎರಡಡಿ ಗೋಡೆ; ಒಳಹೊಟ್ಟೆಯಲ್ಲಿ ಚೂರು ಇಟ್ಟಿಗೆ, ಗಾರೆ, ಪೊಳ್ಳು ಇರುವ ಸಾಧ್ಯತೆ ಹೆಚ್ಚು. ಕ್ರೀಮ್ ಪೊಳ್ಳಿಗೆ ಹರಿದು ಹೋಗುತ್ತದೆ, ನೀರು ತುಂಬಿದ ರಂಧ್ರಗಳಿಗೆ ಇಳಿಯುವುದೇ ಇಲ್ಲ. ಉಬ್ಬರದ ಹೊತ್ತು ಪಕ್ಕದಿಂದ ಒತ್ತಡದಲ್ಲಿ ಬರುವ ನೀರನ್ನು ಅದು ತಡೆಯಲಾರದು. ಮೇಲಾಗಿ, ಗೋಡೆಯಲ್ಲಿ ಈಗಾಗಲೇ ಇರುವ ಉಪ್ಪು ಹಾಗೆಯೇ ಉಳಿದು ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ. ಗೋಡೆಗೆ ತಂತಿ ಕಟ್ಟಿ, ಮೂಲೆಯಲ್ಲಿ ಪೆಟ್ಟಿಗೆ ಇಟ್ಟು ‘ನೀರನ್ನು ಕೆಳಗೆ ತಳ್ಳುತ್ತೇವೆ’ ಎನ್ನುವವರೂ ಬರಬಹುದು. ಅವರಿಗೆ ಚಹಾ ಕೊಟ್ಟು ಕಳುಹಿಸಿ.

ವೆನಿಸ್‌ನ ಹಳಬರು ಇದಕ್ಕೆ ಕಂಡುಕೊಂಡಿದ್ದ ಉಪಾಯ ನೇರವಾದದ್ದು: ಬುಡದಲ್ಲಿ ನೀರು ಹೀರದ ಇಸ್ಟ್ರಿಯಾ ಕಲ್ಲಿನ ಸಾಲು, ಅದರ ಮೇಲೆ ಇಟ್ಟಿಗೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಈಚೆಗೆ ಅಲ್ಲಿ ನೆಲ ಕುಸಿದು, ಸಮುದ್ರ ಏರಿ, ನೀರಿನ ಮಟ್ಟ ಸುಮಾರು 30 ಸೆಂ.ಮೀ. ಮೇಲೆ ಬಂದಿದೆ; ಅನೇಕ ಕಡೆ ಕಲ್ಲನ್ನು ದಾಟಿ ಇಟ್ಟಿಗೆಗೇ ತಾಗುತ್ತಿದೆ. ಅಲ್ಲಿ ಗೋಡೆಯನ್ನು ಸುಮಾರು ಒಂದೊಂದು ಮೀಟರಿನಂತೆ, ಒಂದು ಬಿಟ್ಟು ಒಂದು ಭಾಗವಾಗಿ ಕತ್ತರಿಸಿ ತೇವತಡೆ ಹಾಳೆ ಸೇರಿಸುತ್ತಾರೆ, ಕೊಳೆತ ಇಟ್ಟಿಗೆಯನ್ನು ಬಿಡಿಸಿ ಹೊಸದನ್ನು ಹೊಲಿಯುತ್ತಾರೆ. ಖಚಿತವಾಗಿ ಕೆಲಸ ಮಾಡುವ ವಿಧಾನ ಇದೊಂದೇ. ಆದರೆ ಭೂಕಂಪದ ಭಯವಿರುವ ಕಡೆ ಆ ಹಾಳೆಯ ಮಟ್ಟದಲ್ಲಿ ಗೋಡೆ ಜಾರಬಹುದು, ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದರೆ ಮಾತ್ರ.

ಒಳಗಿನ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿಯಬೇಡಿ. ನೆಲದಗಲ ಆವಿಯಾಗುತ್ತಿದ್ದ ತೇವವೆಲ್ಲ ಅಂಚಿಗೆ ಸರಿದು ಗೋಡೆ ಹತ್ತುತ್ತದೆ. ಕಲ್ಲಿನ ಚಪ್ಪಡಿ, ಸುಣ್ಣದ ಸಂದು, ಅಡಿಯಲ್ಲಿ ಒರಟು ಜಲ್ಲಿ. ಇಷ್ಟು ಸಾಕು.

ದಂಡೆಗೋಡೆಯನ್ನು ನೋಡಬೇಕಾದದ್ದು ನೀರು ಪೂರ್ತಿ ಇಳಿದಾಗ. ಸಂದುಗಳಿಂದ ಸೋರುವ ನೀರು ತಿಳಿಯಾಗಿದ್ದರೆ ಒಳ್ಳೆಯದು. ಕೆಸರಾಗಿದ್ದರೆ ಗೋಡೆಯ ಹಿಂದಿನ ಮಣ್ಣು ಪ್ರತಿ ಇಳಿತದಲ್ಲೂ ಹೊರಗೆ ಹೋಗುತ್ತಿದೆ, ಅಂಗಳದ ಕೆಳಗೆ ಪೊಳ್ಳು ಆಗುತ್ತಿದೆ ಎಂದರ್ಥ. ಇಲ್ಲಿ ಎಲ್ಲರೂ ಮಾಡುವ ತಪ್ಪು ಸಿಮೆಂಟ್ ಸ್ಲರಿ ತುಂಬಿ ಎಲ್ಲ ಸಂದು ಮುಚ್ಚುವುದು. ಆಗ ಇಳಿತದ ಹೊತ್ತು ಹಿಂದಿನ ನೀರು ಹೊರಬರಲಾಗದೆ ಗೋಡೆಯನ್ನು ನೀರಿನ ಕಡೆಗೆ ತಳ್ಳುತ್ತದೆ. ನೀರು ಹೊರಬರಲಿ, ಮಣ್ಣು ಬರಬಾರದು: ಹಿಂದೆ ಜಿಯೋಟೆಕ್ಸ್‌ಟೈಲ್ ಎಂಬ ಸೋಸುಬಟ್ಟೆ ಮತ್ತು ಜಲ್ಲಿಯ ಸೋಸುಪದರ, ಗೋಡೆಯಲ್ಲಿ ಸೋರುತೂತುಗಳು. ಗೋಡೆಯ ಕಾಲ ಬುಡದಲ್ಲಿ ಅಲೆ ಕೊರೆದಿದೆಯೇ ಎಂದು ಮುಳುಗಾರರಿಂದ ನೋಡಿಸಿ. ಮಹಲಿನ ಬಿರುಕುಗಳಿಗೆ ಮಾಪಕ ಅಂಟಿಸಿ ಒಂದು ಪೂರ್ತಿ ವರ್ಷ, ನೀರಿನ ಮಟ್ಟದೊಂದಿಗೆ ಬರೆದಿಡಿ. ಬೇಸಿಗೆ, ಮಳೆಯೊಂದಿಗೆ ತೆರೆದು ಮುಚ್ಚುವ ಬಿರುಕಿಗೆ ಹೆದರಬೇಕಿಲ್ಲ, ಒಂದೇ ದಿಕ್ಕಿಗೆ ಹೋಗುತ್ತಿರುವುದಕ್ಕೆ ಹೆದರಬೇಕು.

ತಳಪಾಯದಡಿ ಮರದ ಗೂಟಗಳಿವೆಯೇ ಎಂದು ಒಂದು ಗುಂಡಿ ತೋಡಿ ನೋಡುವುದು ಅಗತ್ಯ. ಸದಾ ನೀರಿನಡಿ ಇರುವ ಗೂಟಕ್ಕೆ ಆಮ್ಲಜನಕ ಸಿಗದು, ಅದು ಶತಮಾನಗಳ ಕಾಲ ಬಾಳುತ್ತದೆ. ನೆರೆಯ ಜಾಗದಲ್ಲಿ ಯಾರಾದರೂ ನೆಲಮಾಳಿಗೆಗಾಗಿ ಪಂಪ್ ಇಟ್ಟು ಅಂತರ್ಜಲ ಇಳಿಸಿದರೆ ಗೂಟದ ತಲೆ ಗಾಳಿಗೆ ತೆರೆದುಕೊಂಡು ಕೊಳೆಯತೊಡಗುತ್ತದೆ. ಅಂಗಳದಲ್ಲಿ ಒಂದು ಅಳತೆ ಕೊಳವೆ ಇಳಿಸಿ ನೀರಿನ ಮಟ್ಟ ಬರೆದಿಟ್ಟರೆ ನಾಳೆ ಜಗಳವಾದಾಗಲೂ ದಾಖಲೆ.

ನೆರೆಯ ಲೆಕ್ಕ ಹೀಗಿದೆ. ಗೋಡೆಯ ಹೊರಗೆ 60 ಸೆಂ.ಮೀ. ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 180 ಕಿಲೋ ತಳ್ಳು. ಒಂದು ಮೀಟರ್ ನಿಂತರೆ 500 ಕಿಲೋ. ಉರುಳಿಸುವ ಬಲವಂತೂ ನಾಲ್ಕೂವರೆ ಪಟ್ಟು. ಆದ್ದರಿಂದ ಬಾಗಿಲಿಗೆ ಕಟ್ಟುವ ತಡೆಹಲಗೆ 60 ಸೆಂ.ಮೀ. ಮೀರದಿರಲಿ. ಅದಕ್ಕಿಂತ ಹೆಚ್ಚು ಬಂದರೆ ನೀರನ್ನು ಒಳಗೆ ಬಿಡುವುದೇ ಗೋಡೆಗೆ ಕ್ಷೇಮ. ನೆಲದ್ದೂ ಇದೇ ಕಥೆ: 10 ಸೆಂ.ಮೀ. ಕಾಂಕ್ರೀಟ್ ಚದರ ಮೀಟರಿಗೆ ತೂಗುವುದು 240 ಕಿಲೋ. ಹೊರಗೆ ನೆಲಕ್ಕಿಂತ ಕಾಲು ಮೀಟರ್ ಎತ್ತರಕ್ಕೆ ನೀರು ನಿಂತರೆ ಅಡಿಯಿಂದ ಎತ್ತುವ ಬಲ ಅದನ್ನು ಮೀರಿಬಿಡುತ್ತದೆ. ವೆನಿಸ್‌ನ ಕ್ವೆರಿನಿ ಸ್ಟಾಂಪಾಲಿಯಾ ಮಹಲಿನ ಕೆಳಂತಸ್ತನ್ನು 1961–63ರಲ್ಲಿ ನವೀಕರಿಸಿದ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ನೀರನ್ನು ತಡೆಯಲು ಹೋಗಲೇ ಇಲ್ಲ. ಕಾಲುವೆಯ ಬಾಗಿಲಿನಿಂದ ಉಬ್ಬರದ ನೀರು ಒಳಬಂದು ಅಂಚಿನ ಕಾಲುವೆಗಳಲ್ಲಿ ನಿಲ್ಲುತ್ತದೆ, ಜನ ನಡೆಯುವುದು ಎತ್ತರಿಸಿದ ದಾರಿಯ ಮೇಲೆ. ಈ ಬಗೆಯ ಕೆಲಸ ಮಾಡುವವರು ಇವತ್ತಿಗೂ ಆ ನಕ್ಷೆ ಬಿಡಿಸಿ ನೋಡುತ್ತಾರೆ. ಇನ್ನೊಂದು ಕಡೆ, 1953ರಲ್ಲಿ ಮ್ಯೂಸಿಯಂ ಆದ ಮಯಾಮಿಯ ವಿಝ್ಕಾಯಾ ಮಹಲಿನಲ್ಲಿ 2017ರ ಇರ್ಮಾ ಚಂಡಮಾರುತದ ಹೊತ್ತಿಗೆ ಕೊಲ್ಲಿಯ ನೀರು ನೆಲಮಾಳಿಗೆಗೆ ನುಗ್ಗಿತ್ತು. ನಿಮ್ಮ ಕೆಳಂತಸ್ತಿನಲ್ಲಿ ಸ್ವಿಚ್ಚು, ಸಾಕೆಟ್ಟು, ವಿದ್ಯುತ್ ಫಲಕ ಯಾವುದೂ ನೆರೆಮಟ್ಟದ ಕೆಳಗೆ ಬೇಡ. ತಂತಿಗಳು ಛಾವಣಿಯಿಂದ ಇಳಿದು ಬರಲಿ. ಪ್ಲೈವುಡ್, ಜಿಪ್ಸಂ ಬೋರ್ಡ್ ಬೇಡವೇ ಬೇಡ.

ಕಬ್ಬಿಣ ಮತ್ತು ಮರದ ಬಗ್ಗೆ ಚುಟುಕಾಗಿ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಗೋಡೆಯೊಳಗಿನ ಹಳೆಯ ಕಬ್ಬಿಣದ ಕೊಂಡಿಗಳನ್ನು ಹುಡುಕಿ ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಅಲೆ ಸಿಡಿಯುವ ಜಾಗವಾದರೆ 2205 ದರ್ಜೆ. 304 ಸಾಲದು. ತೊಲೆಗಳು ಕೆಡುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಮಧ್ಯಭಾಗ ಎಷ್ಟು ಚೆನ್ನಾಗಿ ಕಂಡರೂ ತುದಿಗೆ ಸಣ್ಣ ಡ್ರಿಲ್ ಪರೀಕ್ಷೆ ಮಾಡಿಸಿ. ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರದ ಭಯವಿಲ್ಲ. ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರ ಜೋಡಿಸಿ, ಮತ್ತೆ ಗೋಡೆಗೆ ಸೇರಿಸುವಾಗ ಸುತ್ತ 20 ಮಿ.ಮೀ. ಗಾಳಿಜಾಗ ಬಿಡಿ.

ಈಗ ನಿಮ್ಮ ಯೋಜನೆ. ವಾಸದ ಮನೆಯ ನೆಲಕ್ಕೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಜನ ನಿಂತು ಸೇರುವ ಸಭಾಂಗಣಕ್ಕೆ 500. ಪುಸ್ತಕದ ಲೆಕ್ಕ ನೀವೇ ಮಾಡಬಹುದು: ಒಂದು ಮೀಟರ್ ಉದ್ದದ ಪುಸ್ತಕದ ಸಾಲು ಸುಮಾರು 30 ಕಿಲೋ, ಆರು ಅಡ್ಡಹಲಗೆಯ ಕಪಾಟಿಗೆ 180 ಕಿಲೋ, ಅದು ನಿಂತ ಜಾಗ 0.3 ಚದರ ಮೀಟರ್. ಅಲ್ಲಿಗೆ ಕಪಾಟಿನ ಕಾಲಡಿ ಚದರ ಮೀಟರಿಗೆ 600 ಕಿಲೋ, ಕಪಾಟಿನ ಸ್ವಂತ ತೂಕ ಬಿಟ್ಟು. ಮನೆಗೆಂದು ಹಾಕಿದ ತೊಲೆಗಳ ಮೇಲೆ ಇದನ್ನು ಹೇರಬೇಕಾದರೆ ನಡುವೆ ಸ್ಟೀಲ್ ಸೇರಿಸಬೇಕು, ಅದಕ್ಕೆ ಗೋಡೆ ಕೊರೆಯಬೇಕು, ಕೆಳಗಿನ ಛಾವಣಿಯ ಮರದ ಕೆಲಸ ಬಿಚ್ಚಬೇಕು. ಪುಸ್ತಕವನ್ನು ಕೆಳಗಿಟ್ಟರೆ ನೆರೆ, ಬೂಷ್ಟು. ಹಾಗಾಗಿ ಸಂಗ್ರಹ ಈ ಮಹಲಿನಲ್ಲೇ ಬೇಡ. ದಂಡೆಯಿಂದ ದೂರ, ಹಿಂಬದಿಯಲ್ಲಿ ಹೊಸದಾಗಿ ಕಟ್ಟುವ ಸಣ್ಣ ಕಟ್ಟಡದ ಮೇಲಂತಸ್ತಿನಲ್ಲಿರಲಿ. ಮಹಲಿನ ಮೇಲಂತಸ್ತು ಓದುವ ಕೋಣೆಗೆ ಚೆನ್ನ: ಮೇಜು, ಕುರ್ಚಿ, ದಿನದ ಬೆಳಕು, ಚದರ ಮೀಟರಿಗೆ 300 ಕಿಲೋದ ಒಳಗೆ. ಅಷ್ಟನ್ನು ತಡೆಯುತ್ತದೆಯೇ ಎಂದು ನೀರಿನ ಚೀಲಗಳ ಭಾರ ಹೇರಿ, 24 ಗಂಟೆ ಬಿಟ್ಟು, ಬಾಗನ್ನು ಅಳೆದು, ಭಾರ ತೆಗೆದ ಮೇಲೆ ಎಷ್ಟು ಮರಳಿತು ಎಂದೂ ನೋಡಬೇಕು. ಸಭಾಂಗಣ ಕೆಳಗೆ ಬರಲಿ. ಅಲ್ಲಿ ಭಾರ ನೆಲದ ಮೇಲೆ, ನೆರೆ ಬಂದರೆ ಕುರ್ಚಿ ಎತ್ತಿಟ್ಟರಾಯಿತು.

ರೆಸ್ಟೋರೆಂಟ್ ಬೇಡವೆನ್ನುವುದಿಲ್ಲ, ಅಡುಗೆಮನೆ ಮಹಲಿನೊಳಗೆ ಬೇಡ. ಹಬೆ, ಜಿಡ್ಡು, ದಿನಕ್ಕೆರಡು ಸಲ ನೆಲ ತೊಳೆಯುವ ನೀರು, ಅನಿಲದ ಉರಿ, ಇವ್ಯಾವುದನ್ನೂ ಸುಣ್ಣದ ಗೋಡೆ ಮತ್ತು ಮರದ ಮಾಳಿಗೆ ಸಹಿಸುವುದಿಲ್ಲ. ಅಡುಗೆಮನೆ, ಶೌಚಾಲಯ, ಎರಡನೇ ಮೆಟ್ಟಿಲು, ಲಿಫ್ಟ್ ಎಲ್ಲವನ್ನೂ ಆ ಹಿಂಬದಿ ಕಟ್ಟಡದಲ್ಲೇ ಜೋಡಿಸಿ ಗಾಜಿನ ಸಣ್ಣ ಸೇತುವೆಯಿಂದ ಸೇರಿಸಿದರೆ ಹಳೆಯ ಗೋಡೆಗೆ ಒಂದೇ ಒಂದು ನೀರಿನ ಕೊಳವೆ ಬರುವುದಿಲ್ಲ. ಲಿಫ್ಟಿನ ಗುಂಡಿ ಅಂತರ್ಜಲಕ್ಕಿಂತ ಕೆಳಗೆ ಹೋದರೆ ಅದು ಬಾವಿಯಾಗುತ್ತದೆ. 10–15 ಸೆಂ.ಮೀ. ತಗ್ಗು ಸಾಕಾಗುವ ಪ್ಲಾಟ್‌ಫಾರ್ಮ್ ಲಿಫ್ಟ್ ಹಾಕಿಸಿ. ಇಸ್ತಾಂಬುಲ್‌ನ ಬಾಸ್ಫರಸ್ ದಂಡೆಯ ಎಸ್ಮಾ ಸುಲ್ತಾನ್ ಮಹಲು 1975ರ ಬೆಂಕಿಯಲ್ಲಿ ಸುಟ್ಟು ಬರಿಯ ಇಟ್ಟಿಗೆ ಚಿಪ್ಪಾಗಿ ಉಳಿದಿತ್ತು. ಅದರೊಳಗೆ ಉಕ್ಕು ಮತ್ತು ಗಾಜಿನ ಹೊಸ ಕಟ್ಟಡ ನಿಲ್ಲಿಸಿ 2001ರಲ್ಲಿ ಸಮಾರಂಭಗಳಿಗೆ ತೆರೆದರು. ನಿಮಗೂ ಯಾರಾದರೂ ಅದರ ಚಿತ್ರ ತೋರಿಸಬಹುದು. ಒಳಗೆ ಕಳೆದುಕೊಳ್ಳಲು ಏನೂ ಉಳಿಯದ ಕಟ್ಟಡಕ್ಕೆ ಅದು ಸರಿಯಾದ ಉತ್ತರ, ನಿಮ್ಮದರಲ್ಲಿ ಮಾಳಿಗೆಯೂ ಮೆಟ್ಟಿಲೂ ಇನ್ನೂ ಇವೆ.

ಎಸಿ ಹಾಕುವ ಮುನ್ನ ಶೇ 75ರ ಗೆರೆಯನ್ನು ನೆನಪಿಡಿ. ಹಗಲು ಎಸಿ ಓಡಿ ಗಾಳಿ ಒಣಗುತ್ತದೆ, ರಾತ್ರಿ ಆರಿಸಿದ ಮೇಲೆ ಮತ್ತೆ ತೇವವಾಗುತ್ತದೆ. ಅಂದರೆ ಉಪ್ಪನ್ನು ದಿನಕ್ಕೊಮ್ಮೆ ಕರಗಿಸಿ ಹರಳಾಗಿಸುವ ಯಂತ್ರವನ್ನೇ ನೀವು ಕೂರಿಸಿದಂತೆ. ಕೆಳಂತಸ್ತಿಗೆ ಎತ್ತರದ ಕಿಟಕಿ, ಫ್ಯಾನು ಸಾಕು. ಮೇಲಂತಸ್ತಿಗೆ ಬೇಕೇಬೇಕಾದರೆ ಹೊರಯಂತ್ರ ನೀರಿನ ಕಡೆಗೆ ಬೇಡ, ಉಪ್ಪುಗಾಳಿಗೆ ತಾಳುವ ಲೇಪನದ ಕಾಯಿಲ್ ಇರಲಿ.

ಗುತ್ತಿಗೆ ಮೊತ್ತದ ಕನಿಷ್ಠ ಐದನೇ ಒಂದು ಭಾಗವನ್ನು ಅನಿರೀಕ್ಷಿತಕ್ಕೆಂದು ಬೇರೆ ಇಡಿ, ಗಿಲಾವಿನ ಕೆಲಸಕ್ಕೆ ಒಟ್ಟು ಮೊತ್ತದ ಬದಲು ಚದರ ಮೀಟರಿನ ದರ ನಿಗದಿ ಮಾಡಿ, ಮತ್ತು ಮೊದಲು ಒಂದೇ ಗೋಡೆಯ ಮೇಲೆ 1 ಚದರ ಮೀಟರ್ ಮಾದರಿ ಹಾಕಿಸಿ ಒಂದು ಮಳೆಗಾಲ ನೋಡಿ. ರೆಸ್ಟೋರೆಂಟ್ ನಡೆಸುವವರೊಂದಿಗಿನ ಬಾಡಿಗೆ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಲು ಮರೆಯಬೇಡಿ: ಕೆಳಗಿನ ಗೋಡೆಗಳಿಗೆ ಸುಣ್ಣವಲ್ಲದೆ ಬೇರೆ ಬಣ್ಣ ಹಚ್ಚುವಂತಿಲ್ಲ, ಗೋಡೆಗೆ ತಾಗಿಸಿ ಕಪಾಟು, ಸೋಫಾ ಇಡುವಂತಿಲ್ಲ, 10 ಸೆಂ.ಮೀ. ಬಿಡಬೇಕು; ಮಳೆಗಾಲಕ್ಕೆ ಮುನ್ನ ದೋಣಿ, ಕೊಳವೆ, ಕವಾಟ ಶುಚಿ ಮಾಡಿಸಬೇಕು; ಬಲಿ ಗಿಲಾವು ಬದಲಿಸುವ ವರ್ಷ ಮೂರು ವಾರ ಕೋಣೆ ತೆರವು ಮಾಡಿಕೊಡಬೇಕು.